ಹಿಂದಕ್ಕೆ ಹಾರುವ ಕೊಕ್ಕರೆ

ಅಪ್ಪಾ,

ಮುಚ್ಚಿಹೋದ ನಿನ್ನ ವಿಮಾನ ಕಂಪನಿಯ ಲಾಂಛನಗಳನ್ನು ಸಂಗ್ರಹಿಸುವವರೊಬ್ಬರು ಇವತ್ತು ಮನೆಗೆ ಬಂದಿದ್ದರು. ನೀನು ಅಲ್ಲಿ ಪೇಂಟರಾಗಿದ್ದಾಗ ವಿಮಾನದ ಎಡಬದಿಯ ಅಚ್ಚನ್ನೇ ಬಲಬದಿಯ ತಗಡಿಗೂ ಇಟ್ಟು, ಲಾಂಛನದ ಕೊಕ್ಕರೆಯನ್ನು ಬಾಲದ ಕಡೆಗೆ, ಹಿಂದಕ್ಕೆ ಹಾರಿಸಿ, ಬೈಸಿಕೊಂಡು ಹೊತ್ತು ತಂದಿದ್ದೆಯಲ್ಲ, ಆ ತಗಡು ಬೇಕಂತೆ. ನೀರಿನ ತೊಟ್ಟಿಯ ಮುಚ್ಚಳವಾಗಿದ್ದ ಅದಕ್ಕೆ ಕೈಮುಗಿದೇಬಿಟ್ಟರು.

"ನೆಟ್ಟಗೆ ಹಾರೋವು ಬೇಕಾದಷ್ಟಿವೆ. ಇಂಥದ್ದು ಇದೊಂದೇ. ಕೊಡ್ತೀರಾ?"

ನೀನಿದ್ದಷ್ಟು ದಿನವೂ ಆ ಹಕ್ಕಿ ತೋರಿಸಿ ನಿನ್ನನ್ನು ಆಡಿಕೊಂಡ ಅಮ್ಮ ಸೊಂಟಕ್ಕೆ ಕೈಯಿಟ್ಟಳು.

"ಕೊಡಲ್ಲ. ಬೇರೆಯವೆಲ್ಲ ಹೊರಟುಹೋಗೋ ಹಕ್ಕಿ. ನಮ್ಮವರದ್ದು ಮನೆಗೆ ಬರೋದು."

ಅವರನ್ನು ಕಳಿಸಿ, ತಗಡನ್ನು ತೊಳೆಸಿ, ಗೋಡೆಗೆ ಮೊಳೆ ಹೊಡೆದು ಕೂರಿಸಲು ಹೇಳಿದಳು. ನಾನು ತಲೆಕೆಳಗಾಗಿ ಕೂರಿಸಿಬಿಟ್ಟೆ.

"ಥೇಟ್ ಅಪ್ಪನ ಮಗಳು!"

ಬೈದದ್ದು ನನಗೆ. ನೋಡಿದ್ದು ನಿನ್ನ ಕುರ್ಚಿಯ ಕಡೆಗೆ.