ಹೊಂದದ ರೆಕ್ಕೆ

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕ,

ನೀನು, ಭಾವ, ಪುಟ್ಟಿ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೈಯಬೇಡ. ಬರೆಯಲು ಕೂತಾಗಲೆಲ್ಲ ಪೆನ್ನಿನ ಮುಚ್ಚಳ ಕಚ್ಚುತ್ತಾ ಎದ್ದುಬಿಟ್ಟೆ. "ಹುಡುಗ ಹೇಗೆ? ಪುಸ್ತಕದ ಹುಳ ಬಾಯಿ ಬಿಡಲಿ" ಎಂದು ಕೇಳಿದ್ದೆಯಲ್ಲ, ಬಿಡುತ್ತಿದ್ದೇನೆ.

ಕನ್ನಡಕದ ಅಂಗಡಿ ಇಟ್ಟಿದ್ದಾರೆ, ಬಿಡುವಾದಾಗ ಪ್ಲಾಸ್ಟಿಕ್ ತುಂಡು ಅಂಟಿಸಿ ಪುಟ್ಟ ವಿಮಾನ ಕಟ್ಟುತ್ತಾರೆ ಎಂದಿದ್ದೆನಲ್ಲ. ಅವರ ಗಾಜಿನ ಬೀರು ನೋಡಿ ಬಂದಮೇಲೆ ಅಪ್ಪನಿಗೆ ಬೇರೆ ಮಾತೇ ಇಲ್ಲ. ಒಂದು ವಿಮಾನದಲ್ಲೂ ಸಂದು ಕಾಣುವುದಿಲ್ಲ. "ಇಷ್ಟು ತಾಳ್ಮೆ ಇರೋನು ಹೆಂಡತೀನ ಹೂವಿನ ಹಾಗೆ ನೋಡ್ಕೋತಾನೆ" ಎನ್ನುತ್ತಾರೆ. ನಾನೂ ಹಾಗೇ ಅಂದುಕೊಂಡು ಅವರಿಗೆ ಕೊಡಲು ಒಂದು ವಿಮಾನದ ಕಿಟ್ ಕೊಂಡೆ. ಆಟಿಕೆ ಅಂಗಡಿಯವನು ಮೊದಲೇ ಹೇಳಿದ್ದ: "ಅಚ್ಚು ಸವೆದಿದೆ ಮೇಡಂ, ರೆಕ್ಕೆ ಒಂಚೂರು ಸೊಟ್ಟ. ಬಿಸಿನೀರಲ್ಲಿ ಅದ್ದಿ, ಉಜ್ಜಿ, ನಿಧಾನಕ್ಕೆ ಹೊಂದಿಸ್ಕೋಬೇಕು." ಅವರ ಕೈಗೆ ಅದೇನು ಮಹಾ!

ನಿನ್ನೆ ಅವರ ಮನೆಯಲ್ಲಿ ಪಕ್ಕದಲ್ಲೇ ಕೂತು ನೋಡಿದೆ. ರೆಕ್ಕೆಗೂ ಒಡಲಿಗೂ ನಡುವೆ ಉಗುರು ತೂರುವಷ್ಟು ಸಂದು. ನೀರು ಕಾಯಿಸಲಿಲ್ಲ, ಉಜ್ಜಲೂ ಇಲ್ಲ. ಅಂಟು ಸುರಿದು ಒತ್ತಿದರು. ಕೈ ತೆಗೆದರೆ ಬಿಟ್ಟುಕೊಳ್ಳುತ್ತಿತ್ತು.

"ಎಂಥ ಕಸ ತಂದಿದೀಯ? ಬಾ, ಹಿಡ್ಕೊ."

ಹಿಡಿದೆ.

"ಅಲ್ಲಾಡಬೇಡ."

ಅಲ್ಲಾಡಲಿಲ್ಲ ಅಕ್ಕ. "ಬಿಸಿನೀರಲ್ಲಿ ಅದ್ದಿದ್ರೆ..." ಎಂದೆ, ಅಷ್ಟೇ. ರೆಕ್ಕೆ ಲಟಕ್ಕೆಂದು ಮುರಿಯಿತು. ಅವರು ಕೂಗಾಡಲಿಲ್ಲ. ಮೆಲ್ಲಗೆ, ನಗುತ್ತಲೇ ಹೇಳಿದರು: "ನೋಡು, ನಿನ್ನಿಂದ ಆಗಿದ್ದು."

ಸದ್ದು ಅಡಗುವ ಮೊದಲೇ ಅವರ ತಾಯಿ ಪೊರಕೆ ಹಿಡಿದು ಬಾಗಿಲಲ್ಲಿದ್ದರು. ಏನಾಯಿತೆಂದು ಕೇಳಲೇ ಇಲ್ಲ. ಚೂರು ಗುಡಿಸುತ್ತಾ, ನನಗೆ ಮಾತ್ರ ಕೇಳುವಂತೆ, "ಇನ್ಮೇಲೆ ಒಳ್ಳೇ ಕಿಟ್ಟೇ ತಂದ್ಕೊಡಮ್ಮ. ಎಲ್ಲಾ ಸರಿ ಇದ್ರೆ ನನ್ನ ಮಗ ತುಂಬಾ ಒಳ್ಳೇವ್ನು" ಎಂದರು.

ಬೀರುವಿನ ಕಡೆ ನೋಡಿದೆ. ಅಲ್ಲಿದ್ದವೆಲ್ಲ ದುಬಾರಿ ಕಿಟ್‌ಗಳು, ತಾವಾಗಿಯೇ ಕೂಡಿಕೊಂಡವು. ಕೂಡದವನ್ನೆಲ್ಲ ಆ ತಾಯಿ ಗುಡಿಸಿದ್ದಾರೆ.

"ನಾವೇ ಹೊಂದಿಕೊಂಡು ಹೋಗಬೇಕು ಕಣೇ" ಎಂದು ಬರೆದಿದ್ದೀಯ. ಅಂಥ ಕೈಯಲ್ಲಿ ಹೇಗೆ ಹೊಂದಿಕೊಳ್ಳಲಿ? ಬೆಳಿಗ್ಗೆ ಅಪ್ಪನಿಗೆ ಬೇಡವೆಂದೆ. "ಒಂದು ಆಟದ ಸಾಮಾನಿಗೆ ಸಂಬಂಧ ಮುರೀತೀಯಾ?" ಎಂದು ತಟ್ಟೆ ಬಿಟ್ಟು ಎದ್ದರು. ಬರುವ ಭಾನುವಾರ ಅವರ ಮನೆಯವರು ಮದುವೆಯ ದಿನ ಗೊತ್ತುಮಾಡಲು ಬರುತ್ತಾರೆ. ಅಪ್ಪ ಕೇಳುವುದು ನಿನ್ನ ಮಾತೊಂದನ್ನೇ. ಅಷ್ಟರೊಳಗೆ ಬಾ.

ಪುಟ್ಟಿಗೆ ಎರಡೂ ಕೆನ್ನೆಗೆ ಮುತ್ತು. ನೀನು ಹೊತ್ತುಹೊತ್ತಿಗೆ ಉಣ್ಣು, ನನ್ನನ್ನು ಹರಸು.

ನಿನ್ನ
ಹುಳ

ತಾ.ಕ.: ಅಪ್ಪನಿಗೆ ಹೇಳದ್ದು ಒಂದಿದೆ. ನಾನು ರೆಕ್ಕೆ ಹಿಡಿದಿದ್ದಾಗ ಅವರು ಹಿಡಿದಿದ್ದು ನನ್ನ ಮಣಿಕಟ್ಟನ್ನು. ನಾಲ್ಕು ಬೆರಳ ಗುರುತು ನೀಲಿಗಟ್ಟಿದೆ. ಹೋದ ಸಲ ಬಂದಾಗ ನಿನ್ನ ಮಣಿಕಟ್ಟಿನಲ್ಲೂ ಇಂಥದ್ದೇ ಇತ್ತು. ಬಾಗಿಲಿಗೆ ಸಿಕ್ಕಿತು ಎಂದಿದ್ದೆ, ನಾನು ನಂಬಿದ್ದೆ. ಬಾಗಿಲಿಗೆ ಬೆರಳಿರುತ್ತದೆಯೇ ಅಕ್ಕ? ಬರುವಾಗ ಪುಟ್ಟಿಯ ಬಟ್ಟೆಯೆಲ್ಲ ತುಂಬಿಕೊಂಡು ಬಾ.