ದಾರಿಗೊಂದು ಕಣ್ಣು, ದಾರಕ್ಕೊಂದು ಕಣ್ಣು

ಅಂಗಡಿಯ ಮೇಲಿನ ಕೋಣೆ,
ಮಾರ್ಚ್ ೧೬, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿ ನೋವು ಹೇಗಿದೆ? ಮಗಳ ಮನೆಯಲ್ಲಿ ಮೆಟ್ಟಿಲು ಜಾಸ್ತಿ ಎಂದಿದ್ದೆ. ಮಗು ಅತ್ತಾಗಲೆಲ್ಲ ನೀನೇ ಎದ್ದುಬಿದ್ದು ಹತ್ತಬೇಡ, ಅಪ್ಪ ಅನ್ನಿಸಿಕೊಂಡವನು ಒಬ್ಬ ಇದ್ದಾನಲ್ಲ, ಅವನೂ ಸ್ವಲ್ಪ ಹತ್ತಲಿ. ಮಗುವಿನ ಫೋಟೋ ಬಂತು. ಅಮ್ಮ ಅದನ್ನು ಕಿಟಕಿಯ ಹತ್ತಿರ ಹಿಡಿದು ನೋಡಿ, ಮೂಗು ನಮ್ಮ ಕಡೆಯದು ಎಂದು ತೀರ್ಪು ಕೊಟ್ಟಿದ್ದಾಳೆ. ನನಗೆ ಕಂಡದ್ದು ಒಂದು ಟವೆಲ್ಲಿನ ಗಂಟು, ಅದರೊಳಗೊಂದು ಸಿಟ್ಟಿನ ಮುಖ. ಸಿಟ್ಟಿರುವ ಮಕ್ಕಳು ಚೆನ್ನಾಗಿ ಬೆಳೆಯುತ್ತವೆ ಬಿಡು, ನನ್ನನ್ನೇ ನೋಡು. ಬಾಣಂತಿಗೆ ಮಗು ಮಲಗಿದಾಗಲೆಲ್ಲ ತಾನೂ ಮಲಗಬೇಕೆಂದು ಗದರಿಸಿ ಹೇಳು. ಅಮ್ಮ ಆರೋಗ್ಯವಾಗಿದ್ದಾಳೆ. ರೇಡಿಯೋ ಎಷ್ಟು ಜೋರಾಗಿ ಹಾಕುತ್ತಾಳೆಂದರೆ ಕೆಳಗೆ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ವಾರ್ತೆ ಪುಕ್ಕಟೆ. ನನಗೂ ಯಾವ ಧಾಡಿಯೂ ಇಲ್ಲ.

ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಉತ್ತರ ಕೊಟ್ಟು ಮುಗಿಸಿರುತ್ತೀಯ. ಕಾಗದಕ್ಕೆ ನೀನು ಅಡ್ಡ ಬಾಯಿ ಹಾಕಲಾರೆ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು, ಆಮೇಲೆ ಬೇಕಾದರೆ ಹರಿದು ಹಾಕು. ಹತ್ತು ದಿನದ ಹಿಂದೆ, ಗುರುವಾರ, ಭಾವನ ಕಣ್ಣಿನ ಕ್ಲಿನಿಕ್ಕಿನಿಂದ ನಾನು ಲೇಸರ್ ಆಪರೇಷನ್ ಮಾಡಿಸಿಕೊಳ್ಳದೆ ಎದ್ದು ಬಂದೆ. ಸುದ್ದಿ ನಿನಗೆ ಅಂದೇ ಮುಟ್ಟಿರುತ್ತದೆ. ಹೆದರಿಕೊಂಡು ಓಡಿಹೋದಳು ಎಂದಿರುತ್ತಾರೆ ನಿನ್ನ ಗಂಡ. ಓಡಲಿಲ್ಲ ಅಕ್ಕಾ. ತಲೆಗೆ ತೊಡಿಸಿದ್ದ ನೀಲಿ ಕಾಗದದ ಟೊಪ್ಪಿಯನ್ನು ತೆಗೆದು, ಮಡಿಸಿ, ಕುರ್ಚಿಯ ಮೇಲಿಟ್ಟು, ಕನ್ನಡಕ ಹಾಕಿಕೊಂಡು, ನರ್ಸಮ್ಮನಿಗೆ ಬರ್ತೀನಿ ಎಂದು ಹೇಳಿ ನಡೆದುಕೊಂಡೇ ಬಂದೆ. ಇನ್ನು ನಿಮ್ಮಲ್ಲಿಗೆ ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಕರೆದರೆ ಬರುತ್ತೇನೆ, ಕಣ್ಣು ತೋರಿಸಲು ಮಾತ್ರ ಬರುವುದಿಲ್ಲ. ಇದನ್ನು ಕಡ್ಡಿ ತುಂಡು ಮಾಡಿದ ಹಾಗೆ ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಮಾತಾಡುವುದು ನನಗೆ ಬಾರದು ಎಂದು ನಿನಗೇ ಗೊತ್ತು.

ನನಗೆ ಕನ್ನಡಕ ಸಾಕಾಗಿದ್ದಂತೂ ನಿಜ. ಎರಡನೇ ಕ್ಲಾಸಿನಿಂದ ಅದು ನನ್ನ ಮೂಗಿನ ಮೇಲೆ ಸಂಸಾರ ಹೂಡಿದೆ. ಶಾಲೆಯಲ್ಲಿ ಎಲ್ಲರೂ ಸೋಡಾಬುಡ್ಡಿ ಅನ್ನುತ್ತಿದ್ದರು, ನೀನು ಅವರ ಜೊತೆ ಜಗಳ ಆಡಿ ಬಂದು ಮನೆಯಲ್ಲಿ ನೀನೇ ಬುಡ್ಡಿ ಎಂದು ಕರೆಯುತ್ತಿದ್ದೆ. ಅಂಗಡಿಯಲ್ಲಿ ಇಸ್ತ್ರಿಯ ಹಬೆ ಎದ್ದರೆ ನನಗೆ ಲೋಕವೇ ಮುಚ್ಚಿಹೋಗುತ್ತದೆ. ಹೋದ ಮಳೆಗಾಲದಲ್ಲಿ ಬಸ್ ನಿಲ್ದಾಣದ ನೂಕುನುಗ್ಗಲಲ್ಲಿ ಯಾರದೋ ಮೊಣಕೈ ತಗುಲಿ ಕನ್ನಡಕ ಬಿದ್ದು, ನಾನು ಜನರ ಕಾಲುಗಳ ನಡುವೆ ಕುಕ್ಕರುಗಾಲಲ್ಲಿ ಕೂತು ನೆಲ ತಡಕಾಡಿದ್ದು ನಿನಗೆ ಹೇಳಿದ್ದೆನಲ್ಲ. ಒಬ್ಬರು ಪಾಪ, ನಾನು ಭಿಕ್ಷೆ ಬೇಡುತ್ತಿದ್ದೇನೆಂದು ಚಿಲ್ಲರೆ ಕೊಡಲು ಬಂದರು. ಅವತ್ತೇ ತೀರ್ಮಾನ ಮಾಡಿದೆ, ಇನ್ನು ಇದರ ಹಂಗು ಬೇಡ ಎಂದು. ನಿನಗೆ ಹೇಳಿದ್ದೇ ತಡ, ನೀನು ಭಾವನಿಗೆ ಹೇಳಿ, ಭಾವ ದಿನ ಗೊತ್ತು ಮಾಡಿ, ಎಲ್ಲವೂ ಮುಗಿದೇಹೋಯಿತು. ಮನೆಯವರೇ ಇರೋವಾಗ ಹೊರಗೆ ಯಾಕೆ ಅಲೀತೀಯ ಅಂದೆ. ನಾನೂ ಹೂಂ ಅಂದೆ. ಭಾವ ಒಂದು ಸಂಜೆ ಪರೀಕ್ಷೆ ಮಾಡಿ, ಫಸ್ಟ್ ಕ್ಲಾಸ್ ಕಣ್ಣು, ಆಪರೇಷನ್ ಆದ್ಮೇಲೆ ರಸ್ತೆ ಆ ತುದಿಯ ಬೋರ್ಡ್ ಓದ್ತೀಯ ಅಂದರು. ಕಾಫಿ ಕೊಟ್ಟರು, ಹೊಸ ಯಂತ್ರ ತೋರಿಸಿದರು, ಬಾಗಿಲವರೆಗೂ ಬಂದು ಕಳಿಸಿದರು. ಭಾವ ಒಳ್ಳೆಯವರೇ. ಅದನ್ನು ನಾನು ಇಲ್ಲ ಅನ್ನುತ್ತಿಲ್ಲ.

ಆದರೆ ಅಕ್ಕಾ, ನಾನು ಒಂದು ರೀಲು ದಾರ ಕೊಳ್ಳುವುದಕ್ಕೇ ನಾಲ್ಕು ಅಂಗಡಿ ಹತ್ತಿಳಿಯುವವಳು. ತೂತು ಕಾಣದಂತೆ ಎಳೆಗೆ ಎಳೆ ಕೂಡಿಸುವ ರಫೂ ಕೆಲಸಕ್ಕೆ ಬಂದ ಬಟ್ಟೆಯನ್ನು ಮೊದಲು ತಿರುಗಿಸಿ ಒಳಮೈ ನೋಡದೆ ಸೂಜಿ ಮುಟ್ಟುವುದಿಲ್ಲ. ಹೊರಮೈ ಎಲ್ಲರಿಗೂ ನಗುಮುಖವನ್ನೇ ತೋರಿಸುತ್ತದೆ, ನೂಲು ಎಲ್ಲಿ ಸವೆದಿದೆ ಎಂದು ಒಳಮೈ ಮಾತ್ರ ಹೇಳುತ್ತದೆ. ಕೋಟಿನ ತೂತಿಗೇ ಇಷ್ಟು ಯೋಚಿಸುವವಳು ಕಣ್ಣಿಗೆ ಹಾಗೇ ಒಪ್ಪಿಕೊಳ್ಳುವುದೇ? ಹಾಗೆಂದುಕೊಂಡು ನಿನಗೂ ಹೇಳದೆ, ಭಾವನಿಗೂ ಹೇಳದೆ ಬೇರೆ ಕ್ಲಿನಿಕ್ ನೋಡಲು ಹೊರಟೆ. ಬೈದುಕೋ.

ಮೊದಲು ಹೋದದ್ದು ದೊಡ್ಡ ರಸ್ತೆಯ ಗಾಜಿನ ಕಟ್ಟಡಕ್ಕೆ. ಒಳಗೆ ಹೂವಿನ ಪರಿಮಳ, ಗೋಡೆಯ ತುಂಬ ಕನ್ನಡಕ ಬಿಸಾಡಿ ನಗುತ್ತಿರುವ ಹೆಂಗಸರು. ಟೈ ಕಟ್ಟಿದ್ದ ಹುಡುಗ ಮೇಡಂ ಮೇಡಂ ಅನ್ನುತ್ತ ಮೂರು ಬಗೆಯ ಲೇಸರಿನ ಚಿತ್ರ ತೋರಿಸಿ, ಶನಿವಾರ ಬೇಕೋ ಸೋಮವಾರ ಬೇಕೋ ಎಂದು ಕೇಳಿದ. ಡಾಕ್ಟರು ಯಾರು ಎಂದರೆ, ಎಲ್ಲಾ ದೊಡ್ಡ ದೊಡ್ಡವರೇ ಮೇಡಂ ಅಂದ. ಅಂಥ ದೊಡ್ಡವರಲ್ಲಿ ಒಬ್ಬರೂ ನನಗೆ ಕಾಣಿಸಲಿಲ್ಲ. ನಾನು ನೀರು ಕುಡಿದು ಹೊರಬಿದ್ದೆ.

ಇನ್ನೊಂದು ಕ್ಲಿನಿಕ್ಕು ಔಷಧಿ ಅಂಗಡಿಯ ಮೇಲೆ, ಕಿರಿದಾದ ಮೆಟ್ಟಿಲು, ಕಾಯುವ ಕೋಣೆಯಲ್ಲಿ ಒಂದು ಕಾಲು ಅಲುಗಾಡುವ ಬೆಂಚು. ಡಾಕ್ಟರಮ್ಮನಿಗೆ ನಿನ್ನಷ್ಟೇ ವಯಸ್ಸು, ನಿನಗಿಂತ ಜಾಸ್ತಿ ಗದರಿಕೆ. ಕಣ್ಣಿನ ಅಳತೆಯೆಲ್ಲ ತೆಗೆದ ಮೇಲೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, ಏನ್ ಕೆಲಸ ಮಾಡ್ತೀರಿ ಎಂದು ಕೇಳಿದರು. ರಫೂ ಅಂದೆ. ಕನ್ನಡಕ ಹಾಕ್ಕೊಂಡು ಮಾಡ್ತೀರೋ ತೆಗೆದೋ ಅಂದರು. ನನಗೆ ನಗು ಬಂತು. ತೆಗೆದೇ ಡಾಕ್ಟ್ರೇ, ತಲೆ ಮೇಲೆ ಏರಿಸ್ಕೋತೀನಿ, ಬಟ್ಟೆ ಮೂಗಿನ ಹತ್ತಿರ ತಂದ್ರೆ ಒಂದೊಂದು ಎಳೇನೂ ಕಾಣುತ್ತೆ ಅಂದೆ. ಅವರು ನಗಲಿಲ್ಲ. ನಾಳೆ ಕೆಲಸ ತಗೊಂಡು ಬನ್ನಿ ಅಂದರು.

ಮರುದಿನ ಇಲಿ ಕಡಿದಿದ್ದ ಒಂದು ಉಣ್ಣೆ ಶಾಲು ತೆಗೆದುಕೊಂಡು ಹೋದೆ. ನಾನು ಹೊಲಿಯುತ್ತಿರುವಾಗ ಅವರು ಪಕ್ಕದಲ್ಲಿ ನಿಂತು ಸ್ಕೇಲಿನಿಂದ ನನ್ನ ಕಣ್ಣಿಗೂ ಬಟ್ಟೆಗೂ ಇರುವ ದೂರ ಅಳೆದರು, ನಮ್ಮ ದರ್ಜಿಗಳು ತೋಳಿನಳತೆ ತೆಗೆದುಕೊಳ್ಳುವ ಹಾಗೆ. ಆಮೇಲೆ ನನ್ನ ಎರಡೂ ಕಣ್ಣಿನೊಳಗೆ ಒಂದೊಂದು ತೆಳ್ಳನೆಯ ಲೆನ್ಸ್ ಇಟ್ಟು, ಆಪರೇಷನ್ ಆದ ಕಣ್ಣು ಹೀಗಿರುತ್ತೆ, ಮೊದಲು ಕಿಟಕಿಯಿಂದ ಆಚೆ ನೋಡಿ ಅಂದರು. ಅಕ್ಕಾ, ಎದುರಿನ ಮರದಲ್ಲಿ ಒಂದೊಂದು ಎಲೆಗೂ ಅಂಚಿತ್ತು. ಮೂಗಿನ ಮೇಲೆ ಏನೂ ಭಾರವಿಲ್ಲ, ಕಿವಿಯ ಹಿಂದೆ ಏನೂ ಕಚ್ಚುತ್ತಿಲ್ಲ, ಮೂರನೇ ಮಹಡಿಯ ಹಗ್ಗದ ಮೇಲೆ ಒಣಗಿದ ಕಾಲುಚೀಲದ ಪಟ್ಟೆ ಕೂಡ ಕಾಣುತ್ತಿದೆ. ನಾನು ಹುಚ್ಚಿಯ ಹಾಗೆ ನಕ್ಕೆ. ಈಗ ಹೊಲೀರಿ ಅಂದರು ಡಾಕ್ಟರಮ್ಮ. ಶಾಲು ಎತ್ತಿಕೊಂಡೆ. ಎಳೆಗಳೇ ಇರಲಿಲ್ಲ. ಬಟ್ಟೆ ಇತ್ತು, ತೂತು ಇತ್ತು, ಎಳೆಗಳೆಲ್ಲ ಕರಗಿ ಅಂಬಲಿಯಾಗಿದ್ದವು. ಹತ್ತಿರ ತಂದೆ, ದೂರ ಹಿಡಿದೆ, ಕಣ್ಣು ಕಿರಿದು ಮಾಡಿದೆ. ಸೂಜಿ ನನ್ನ ಬೆರಳಿಗೇ ಚುಚ್ಚಿತು. ಅಲ್ಲೇ ಅತ್ತುಬಿಟ್ಟೆ.

ಅವರು ಸಮಾಧಾನವಾಗಿ ತಿಳಿಸಿ ಹೇಳಿದರು. ನಲವತ್ತು ದಾಟಿದ ನನ್ನ ವಯಸ್ಸಿನಲ್ಲಿ ದೂರದ ದೃಷ್ಟಿ ಸರಿಮಾಡಿದರೆ ಹತ್ತಿರದ ದೃಷ್ಟಿ ಹೋಗುತ್ತದಂತೆ. ಇಷ್ಟು ವರ್ಷ ನಾನು ಕೊರತೆ ಎಂದು ಬೈದುಕೊಂಡದ್ದೇ ನನಗೆ ಕೆಲಸ ಮಾಡಿಕೊಡುತ್ತಿತ್ತಂತೆ. ಹತ್ತಿರಕ್ಕೆ ಬೇರೆ ಕನ್ನಡಕ ಹಾಕಿಕೊಂಡು ರಫೂ ಮಾಡಬಹುದು, ಕೆಲವರು ಮಾಡುತ್ತಾರೆ, ಆದರೆ ಕೈ ಹೊಸದಾಗಿ ಕಲಿಯಬೇಕು, ಅಭ್ಯಾಸ ಆಗಬಹುದು, ಆಗದೆಯೂ ಇರಬಹುದು. ಮಾಡಿಸ್ಕೊಳ್ಳಿ ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ, ನಿಮಗೆ ಗೊತ್ತಿದ್ದು ಮಾಡಿಸ್ಕೊಳ್ಳಿ ಅಂದರು. ಹಾಗೆ ನನಗೆ ಯಾರು ಹೇಳಿದ್ದರು ಅಕ್ಕಾ?

ಇಷ್ಟಾದರೂ ನಾನು ಆ ಗುರುವಾರ ಭಾವನ ಹತ್ತಿರವೇ ಹೋದೆ. ಅದನ್ನು ನೀನು ಗಮನಿಸಬೇಕು. ಮನೆಯವರಿಗೆ ಹೇಳದೆ ಬೆನ್ನು ತಿರುಗಿಸಬಾರದು ಎಂದು ಹೋದೆ. ಟೊಪ್ಪಿ ಹಾಕಿ ಕೂರಿಸಿದಾಗ ಎಲ್ಲವನ್ನೂ ಹೇಳಿದೆ, ಹೀಗೆ ಎಳೆ ಕಾಣುವುದಿಲ್ಲವಂತಲ್ಲ ಭಾವ, ಏನು ಮಾಡೋದು ಎಂದು ಕೇಳಿದೆ. ಭಾವ ಕೈಗವಸು ಹಾಕಿಕೊಳ್ಳುತ್ತಲೇ ನಕ್ಕರು. ಅಷ್ಟೇನಾ, ಹತ್ತಿರದ್ದಕ್ಕೆ ಒಂದು ಕನ್ನಡಕ ಕೊಡ್ತೀನಿ ಬಿಡು, ಇನ್ನೂ ಎಷ್ಟು ದಿನ ಅಂತ ಆ ಹರಕು ಬಟ್ಟೆ ಹೊಲ್ಕೊಂಡು ಕೂತಿರ್ತೀಯ, ನಮ್ಮ ಕೌಂಟರಿಗೆ ಬಂದ್ಬಿಡು, ನಿಮ್ಮಕ್ಕನಿಗೂ ಜೊತೆಯಾಗುತ್ತೆ ಅಂದರು. ಪ್ರೀತಿಯಿಂದಲೇ ಅಂದರು, ಅದೇ ನನಗೆ ಹೆಚ್ಚು ಉರಿದದ್ದು. ಇಪ್ಪತ್ತು ವರ್ಷದಿಂದ ನನ್ನ ಅಂಗಡಿಯ ಮುಂದೆ ಕಾರು ನಿಲ್ಲಿಸುವ ಮನುಷ್ಯ, ನಾನು ಹೊಲಿದುಕೊಟ್ಟ ಕೋಟು ಹಾಕಿಕೊಂಡು ಮದುವೆ ಮುಂಜಿಗೆ ಹೋಗುವ ಮನುಷ್ಯ, ನಾನು ಕೆಲಸ ಮಾಡುವುದನ್ನು ಒಂದು ದಿನವೂ ನಿಂತು ನೋಡಿಲ್ಲ. ಅಂಗಡಿ ತೆಗೆಯೋ ಹೊತ್ತಾಯ್ತು ಭಾವ ಎಂದು ಹೇಳಿ ಎದ್ದೆ.

ಈಗ ನೀನು ಏನನ್ನುತ್ತೀಯ ಎಂದು ನನಗೆ ಗೊತ್ತು. ಸ್ವಂತ ನಾದಿನಿಯೇ ಬೇರೆ ಕಡೆ ಹೋದಳೆಂದರೆ ಜನ ಏನಂದಾರು ಅನ್ನುತ್ತೀಯ. ಯಾವ ಜನ ಅಕ್ಕಾ? ಈ ಬೀದಿಯ ಜನರ ಕೋಟುಗಳಲ್ಲಿ ಎಲ್ಲೆಲ್ಲಿ ತೂತಿದೆ ಎಂದು ನನಗೆ ಗೊತ್ತು, ಅವರು ತುಟಿ ಪಿಟಕ್ಕೆನ್ನುವುದಿಲ್ಲ. ಭಾವನಿಗೆ ಅವಮಾನವಾಯಿತು ಅನ್ನುತ್ತೀಯ. ಆಗಿರಬಹುದು, ನನಗೂ ಆಯಿತು, ಸರಿಹೋಯಿತು. ನಿನಗೆ ಆ ಕೌಂಟರು ಹಿಡಿಸಿದೆ, ಕೂತುಕೋ, ಸಂತೋಷ. ನನ್ನನ್ನು ಅಲ್ಲಿಗೆ ಎಳೆಯಬೇಡ. ಹರಕು ಬಟ್ಟೆಯೇ ನನ್ನ ಅನ್ನ, ಅದಕ್ಕಿಂತ ಹೆಚ್ಚಾಗಿ ಅದೇ ನನ್ನ ಖುಷಿ. ಹರಿದ ಜಾಗ ಯಾವುದೆಂದು ಬಟ್ಟೆಯ ಯಜಮಾನನೇ ಹುಡುಕಾಡುವಾಗ ನನ್ನ ಎದೆ ಇಷ್ಟಗಲ ಆಗುತ್ತದೆ. ಅದನ್ನು ಬಿಟ್ಟುಕೊಟ್ಟು ರಸ್ತೆ ತುದಿಯ ಬೋರ್ಡು ಓದಿ ನಾನೇನು ಮಾಡಲಿ?

ಹಾಗೆಂದು ಕನ್ನಡಕಕ್ಕೆ ಶರಣಾದೆ ಅಂದುಕೊಳ್ಳಬೇಡ. ಎರಡರಲ್ಲಿ ಒಂದನ್ನೇ ಆರಿಸಿಕೋ ಎಂದರೆ ಕೇಳುವವಳಲ್ಲ ನಾನು. ಎಡಗಣ್ಣಿಗೆ ಮಾತ್ರ ಮಾಡಿ, ಬಲಗಣ್ಣು ನನ್ನ ಸೂಜಿಗಿರಲಿ ಎಂದು, ಭಾವನಲ್ಲಿಂದ ಬಂದ ಮರುದಿನವೇ ಡಾಕ್ಟರಮ್ಮನ ಮುಂದೆ ಪಟ್ಟು ಹಿಡಿದೆ. ಹಾಗೆ ಮಾಡುವುದುಂಟು, ಎಲ್ಲರ ತಲೆಗೂ ಒಗ್ಗುವುದಿಲ್ಲ, ಮೊದಲು ಎಡಗಣ್ಣಿಗೆ ಲೆನ್ಸ್ ಹಾಕಿಕೊಂಡು ಬದುಕಿ ನೋಡಿ ಅಂದರು. ಈಗ ಹಾಗೇ ಬದುಕುತ್ತಿದ್ದೇನೆ. ಮೊದಲು ಮೆಟ್ಟಿಲು ಇಳಿಯುವಾಗ ನೆಲ ಎರಡಾಗಿ ತಲೆ ಸುತ್ತಿತು, ಹಾಲಿನ ಲೋಟವನ್ನು ಮೇಜಿನ ಆಚೆಗೆ ಇಟ್ಟು ಕೆಡವಿದೆ, ಅಮ್ಮ ಇದೇನ್ ಗ್ರಹಚಾರನೇ ಅಂದಳು. ಈಗ ಒಗ್ಗಿದೆ. ಬಸ್ಸಿನ ನಂಬರು ಎಡಗಣ್ಣು ಓದುತ್ತದೆ, ಶಾಲಿನ ಎಳೆ ಬಲಗಣ್ಣು ಎಣಿಸುತ್ತದೆ, ಎರಡೂ ಜಗಳವಾಡುವುದನ್ನು ನಿಲ್ಲಿಸಿವೆ. ಅರ್ಧ ಆಪರೇಷನ್ ಎಂದು ನೀನು ನಗು. ನನಗೆ ಬೇಕಾದದ್ದು ಅಷ್ಟೇ, ಅಷ್ಟನ್ನೇ ಮಾಡಿಸಿಕೊಳ್ಳುತ್ತೇನೆ, ಆ ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲೇ ಮಾಡಿಸಿಕೊಳ್ಳುತ್ತೇನೆ. ಭಾವನಿಗೂ ಇದನ್ನೇ ಹೇಳು, ಒಂದಕ್ಷರ ಮೆತ್ತಗೆ ಮಾಡಬೇಡ.

ಬಾಣಂತಿಗೂ ಮಗುವಿಗೂ ನನ್ನ ಹರಕೆ ಹಾರೈಕೆಗಳೆಲ್ಲ. ಅಳಿಯನಿಗೆ ನೆನಪು ಹೇಳು. ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಜೊತೆಗೆ ಮಂಡಿಗೆ ಬಿಸಿ ಎಣ್ಣೆ ಹಚ್ಚಿಕೊಳ್ಳಬೇಕಂತೆ.

ಸಿಟ್ಟಿನಲ್ಲಿದ್ದರೂ ನಿನ್ನವಳೇ ಆದ,
ಬುಡ್ಡಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಆಪರೇಷನ್ ಆದ ಮೇಲೆ ಕೆಲವು ದಿನ ದಿನಕ್ಕೆ ಎಷ್ಟೋ ಸಲ ಕಣ್ಣಿಗೆ ಹನಿ ಹಾಕಬೇಕಂತೆ. ಅಮ್ಮನ ಕೈ ನಡುಗುತ್ತದೆ, ನನಗೆ ನಾನೇ ಹಾಕಿಕೊಳ್ಳಲು ಹೋದರೆ ರೆಪ್ಪೆ ಮುಚ್ಚಿಕೊಳ್ಳುತ್ತದೆ. ಯಾವ ದಿನ ಬೇಕು ಎಂದು ಡಾಕ್ಟರಮ್ಮ ಕೇಳಿದಾಗ ನೀನು ಊರಿಗೆ ಬರುವ ದಿನ ನೋಡಿಕೊಂಡು ಅದರ ಮಾರನೆಯ ವಾರ ಹೇಳಿದ್ದೇನೆ. ಭಾವನ ಹೆಂಡತಿಯಾಗಿ ಬರುವುದಾದರೆ ಬೇಡ. ನನ್ನ ಅಕ್ಕನಾಗಿ ಬಾ. ನನಗೆ ಬಹಳ ಭಯವಾಗಿದೆ.