ಕೋಣನಬಂಡೆಯ ಮಡುವಿನಲ್ಲಿ ನಮ್ಮ ಬಲೆ

ಸಾಣಾಪುರ
ಸೋಮವಾರ, ೨೩ ಏಪ್ರಿಲ್ ೨೦೧೮

ಪ್ರೀತಿಯ ಅತ್ತೆಮ್ಮಾ,

ನಿಮ್ಮ ಸೊಸೆ ಹುಲಗೆಮ್ಮ ಇಲ್ಲಿಂದಲೇ ನಿಮ್ಮ ಕಾಲು ಮುಟ್ಟಿ ಬರೆಯುವುದು. ಮೊಣಕಾಲು ನೋವು ಹೇಗಿದೆ? ತಳಕಲ್ಲಿನ ನೀರು ಸವುಳು, ಬೇಳೆ ಬೇಯುವುದಿಲ್ಲ ಎನ್ನುತ್ತಿದ್ದಿರಿ, ಈಗಾದರೂ ಹೊಟ್ಟೆಗೆ ಒಗ್ಗಿತೇ? ಅಮೃತಾ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೋ ಇಲ್ಲ ಹಸಿ ಬಾಣಂತಿ ಎನ್ನುವುದನ್ನೂ ಮರೆತು ಎಮ್ಮೆಯ ಹಿಂದೆಯೇ ಓಡಾಡುತ್ತಾಳೋ? ಮೂರನೆಯ ಹೆರಿಗೆ, ಹೈನು ಬಿಟ್ಟು ತವರಿಗೆ ಬರಲಾರೆ ಎಂದು ಹಟ ಹಿಡಿದು ನಿಮ್ಮನ್ನೇ ಅಲ್ಲಿಗೆ ಕರೆಸಿಕೊಂಡವಳು ಅವಳು, ಹೇಳಿದ ಮಾತು ಕೇಳುತ್ತಾಳೆಂಬ ನಂಬಿಕೆ ನನಗಂತೂ ಇಲ್ಲ. ಅಮೃತಾ, ಓದುತ್ತಿರುವವಳು ನೀನೇ ಎಂದು ಗೊತ್ತಿದ್ದೇ ಬರೆದಿದ್ದೇನೆ. ಒಂದಕ್ಷರವನ್ನೂ ಬಿಡದೆ ನಿಮ್ಮವ್ವನಿಗೆ ಕೇಳುವ ಹಾಗೆ ಓದು, ನಡುವೆ ನಗಬೇಡ. ಕೂಸಿಗೆ ಅಜ್ಜಿಯ ಮೂಗೇ ಬಂದಿದೆಯಂತೆ, ಫೋಟೋದಲ್ಲಿ ಕಂಡಿತು. ಬುದ್ಧಿಯೂ ಅಜ್ಜಿಯದೇ ಬರಲಿ, ಸಿಟ್ಟು ಮಾತ್ರ ಅರ್ಧ ಬಂದರೆ ಸಾಕು.

ಕಾಲ ಎಷ್ಟು ಮುಂದೆ ಹೋಗಿದೆ, ಫೋನು ಬಿಟ್ಟು ಕಾಗದ ಯಾಕೆ ಎನ್ನುತ್ತೀರಿ. ಫೋನಿನಲ್ಲಿ ನೀವು ನನ್ನ ಮೂರನೆಯ ಮಾತಿಗೇ ‘ಇಡವ್ವ, ರೊಕ್ಕ ಹೋಗ್ತೈತಿ’ ಎಂದು ಕಟ್ ಮಾಡುತ್ತೀರಿ. ಅಷ್ಟರಲ್ಲಿ ಮುಗಿಯುವ ಸುದ್ದಿ ಇದಲ್ಲ. ಮೀನಿನ ವ್ಯಾಪಾರದ ಫಕ್ರುದ್ದೀನ ಇವತ್ತು ಯಲಬುರ್ಗಾ ಕಡೆ ಹೊರಟಿದ್ದಾನೆ, ತಳಕಲ್ ಮೇಲೆಯೇ ಹಾದು ಹೋಗುತ್ತಾನಂತೆ. ಅವನ ಕೈಯಲ್ಲಿ ಈ ಕಾಗದ, ಐಸಿನ ಡಬ್ಬಿಯಲ್ಲಿ ಒಂದು ಕಾಟ್ಲಾ ಮೀನು ಕಳಿಸುತ್ತಿದ್ದೇನೆ. ಬಾಣಂತಿಗೆ ಕೊಡಬಹುದೋ ಬಾರದೋ ನೀವೇ ಬಲ್ಲಿರಿ. ಬಾರದೆಂದರೆ ತಲೆಯ ಸಾರು ನೀವು ಉಣ್ಣಿರಿ.

ಈಗ ಹೇಳುವುದನ್ನು ಕೇಳಿ ಗಾಬರಿಯಾಗಬೇಡಿ. ನೀವು ಬಸ್ಸು ಹತ್ತಿದ ವಾರದಲ್ಲೇ ನಿಮ್ಮ ಮಗ ತೆಪ್ಪವನ್ನು ದಂಡೆಗೆ ಎಳೆಯುವಾಗ ಪಾಚಿಯ ಮೇಲೆ ಕಾಲಿಟ್ಟು ಜಾರಿ ಬಲಗೈ ಮುರಿದುಕೊಂಡರು. ಗಂಗಾವತಿಗೆ ಕರೆದೊಯ್ದು ಪಟ್ಟಿ ಹಾಕಿಸಿದೆವು. ಎಲುಬು ಸರಿಯಾಗಿಯೇ ಕೂಡಿದೆ, ಮಳೆ ಬೀಳುವ ಹೊತ್ತಿಗೆ ಹುಟ್ಟು ಹಿಡಿಯಬಹುದು, ಅಲ್ಲಿಯವರೆಗೆ ನೀರು ಸೋಕಬಾರದು ಎಂದಿದ್ದಾರೆ ಡಾಕ್ಟರು. ಆಗಲೇ ಹೇಳಿದ್ದರೆ ನೀವು ಹಸಿ ಬಾಣಂತಿಯನ್ನು ಬಿಟ್ಟು ಓಡಿಬರುತ್ತಿದ್ದಿರಿ, ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡೆವು. ಈಗ ನೋವಿಲ್ಲ. ಉಣ್ಣುವುದು ಎಡಗೈಯಲ್ಲಿ, ಬೈಯುವುದಕ್ಕೆ ಬಾಯಿ ನೆಟ್ಟಗೇ ಇದೆ. ಕಡುಬು ಮಾಡಿದ ದಿನ ಮಾತ್ರ ನಾನೇ ತುತ್ತು ಮಾಡಿ ತಿನ್ನಿಸಬೇಕಂತೆ, ಎಡಗೈಗೆ ಕಡುಬು ಬಗ್ಗುವುದಿಲ್ಲವಂತೆ.

ಕೈ ಮುರಿದಿದ್ದಕ್ಕಿಂತ ದೊಡ್ಡ ಚಿಂತೆ ಬೇರೆ ಇತ್ತು, ನಿಮಗೆ ಬಿಡಿಸಿ ಹೇಳಬೇಕಿಲ್ಲ. ಕಾಲುವೆ ನಿಂತಿದೆ, ಕೆರೆ ದಿನಾ ತಗ್ಗುತ್ತಿದೆ, ಮೀನೆಲ್ಲಾ ಬಂದು ಮಡುಗಳಲ್ಲಿ ಕೂತಿದೆ. ವರ್ಷದ ಅನ್ನ ದುಡಿಯುವುದೇ ಈ ದಿನಗಳಲ್ಲಿ. ನಮ್ಮ ಓಣಿಯ ಕಟ್ಟಳೆಯಂತೂ ಹಳೆಯದು: ಕಾಲುವೆ ನಿಂತ ಮೇಲೆ ಯಾವ ಮನೆಯ ಬಲೆ ಒಂದು ವಾರ ಒಣಗುತ್ತದೋ ಆ ಮನೆಯ ಜಾಗ ಕೇಳಿದವರ ಪಾಲು. ನಮ್ಮದೋ ಕೋಣನಬಂಡೆಯ ಕೆಳಗಿನ ಮಡು, ಕೆರೆಯಲ್ಲೆಲ್ಲಾ ಆಳವಾದದ್ದು. ಕೇಳುವವನು ಯಾರೆಂದು ಬಲ್ಲಿರಿ, ನಿಮ್ಮ ಭಾವನ ಮಗ ವೆಂಕಟೇಶ. ಅವನಿಗೇನು ಮೀನು ಬೇಕಾಗಿಲ್ಲ. ಶನಿವಾರ ಭಾನುವಾರ ಹೈದರಾಬಾದು, ಬೆಂಗಳೂರಿನಿಂದ ಬರುವ ಕಾರುಗಳಿಗೆ ಈಗ ದಂಡೆಯಲ್ಲಿ ಜಾಗವೇ ಸಾಲದು. ಅವನ ನಾಲ್ಕು ತೆಪ್ಪಗಳೂ ಕಿತ್ತಳೆ ಜಾಕೀಟು ತೊಟ್ಟ ಜನರನ್ನು ಕೂರಿಸಿಕೊಂಡು ಗಿರಗಿರ ತಿರುಗುತ್ತಲೇ ಇರುತ್ತವೆ. ಕೋಣನಬಂಡೆಯ ಅಡಿಯಲ್ಲಿ ತೆಪ್ಪ ನಿಲ್ಲಿಸಿದರೆ ಫೋಟೋ ಬಲು ಚಂದ ಬರುತ್ತದಂತೆ. ಆ ಮಡು ನಮ್ಮ ಪಾಲಿಗಿರುವವರೆಗೆ ಅಲ್ಲಿ ಅವನ ತೆಪ್ಪ ಹೋಗುವಂತಿಲ್ಲ, ಅದೇ ಅವನ ಹೊಟ್ಟೆಯುರಿ. ನಿಮ್ಮ ಮಗನ ಕೈ ನೋಡುವ ನೆಪದಲ್ಲಿ ಮನೆಗೆ ಬಂದ, ನಾನು ಕೊಟ್ಟ ಚಹಾ ಕುಡಿದ, ಏಳುವಾಗ ‘ಗಂಡಸು ನೀರಿಗಿಳಿಲಾರದ ಮನಿಗೆ ಮಡು ಯಾಕ ಬೇಕ ತಂಗಿ’ ಎಂದು ನನ್ನ ಮುಖ ನೋಡಿಯೇ ಹೇಳಿ ಹೋದ. ಮೈಯೆಲ್ಲಾ ಉರಿದುಹೋಯಿತು ಅತ್ತೆಮ್ಮಾ. ಚಹಾಕ್ಕೆ ಸಕ್ಕರೆ ಬೇರೆ ಜಾಸ್ತಿ ಹಾಕಿದ್ದೆ.

ಮರುದಿನ ಬೆಳಗಾಗುತ್ತಲೇ ನಾನೇ ತೆಪ್ಪ ನೀರಿಗೆ ನೂಕಿದೆ. ಅಮೃತಾ, ಇಲ್ಲಿ ಸ್ವಲ್ಪ ನಿಲ್ಲಿಸಿ ಅವ್ವನಿಗೆ ನೀರು ಕೊಡು. ಹೌದು, ಇನ್ನೊಮ್ಮೆ ಬರೆಯುತ್ತೇನೆ, ನಾನೇ ನೂಕಿದೆ, ನಾನೇ ಹತ್ತಿದೆ. ‘ಹೆಣ್ಮಕ್ಳು ಬುಟ್ಟಿ ಹಿಡಿಬೇಕು, ಹುಟ್ಟು ಹಿಡಿಬಾರ್ದು’ ಎಂದು ನೀವು ನನಗೆ ಮದುವೆಯಾದ ಹೊಸದರಲ್ಲೇ ಹೇಳಿದ್ದಿರಿ, ಮರೆತಿಲ್ಲ. ಮೀನು ತೂಗುವುದು, ಮಾರುವುದು, ಬಲೆ ಹೊಲಿಯುವುದು ನಮ್ಮದು, ತೆಪ್ಪ ಗಂಡಸರದು ಎಂದೇ ನಾನೂ ನಡೆದುಕೊಂಡು ಬಂದೆ. ಆದರೆ ಆ ಹೈದರಾಬಾದಿನ ಹೆಣ್ಣುಮಕ್ಕಳು ಪ್ಯಾಂಟು ತೊಟ್ಟು ವೆಂಕಟೇಶನ ಹುಟ್ಟು ಹಿಡಿದು ಫೋಟೋ ತೆಗೆಸಿಕೊಂಡರೆ ಮುನಿಯದ ಗಂಗಮ್ಮ, ಮನೆಯ ಅನ್ನಕ್ಕಾಗಿ ನಾನು ಹಿಡಿದರೆ ಮುನಿಯುತ್ತಾಳೆಯೇ? ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎನ್ನುತ್ತಾರಲ್ಲ, ನಾನು ಬರಲು ಇಷ್ಟು ವರ್ಷ ಹಿಡಿಯಿತು, ಅಷ್ಟೇ.

ಕಾರಟಗಿಯ ಗದ್ದೆಗಳಲ್ಲಿ ಮೊಣಕಾಲುದ್ದ ನೀರಿನಲ್ಲಿ ಸಸಿ ನೆಟ್ಟು ಬೆಳೆದವಳು ನಾನು, ತೆಪ್ಪವೆಂದರೆ ಎದೆ ಡವಡವ. ನಿಮ್ಮ ಮಗ ಮೊದಲು ಒಪ್ಪಲಿಲ್ಲ. ನಾನು ಕೇಳುವವಳಲ್ಲ ಎಂದು ಖಾತ್ರಿಯಾದ ಮೇಲೆ ತೆಪ್ಪಕ್ಕೊಂದು ಉದ್ದ ಹಗ್ಗ ಕಟ್ಟಿ, ಅದರ ತುದಿಯನ್ನು ಎಡಗೈಗೆ ಸುತ್ತಿಕೊಂಡು ದಂಡೆಯ ಕಲ್ಲಿನ ಮೇಲೆ ಕೂತರು, ಎಮ್ಮೆ ಮೇಯಿಸಲು ಬಂದವರ ಹಾಗೆ. ನಾನು ಹುಟ್ಟು ಹಾಕಿದರೆ ತೆಪ್ಪ ಮುಂದಕ್ಕೆ ಹೋಗುವ ಬದಲು ನಿಂತಲ್ಲೇ ತಿರುಗತೊಡಗಿತು. ‘ಎಳಿ, ಕಲಸಬ್ಯಾಡ, ಅಂಬಲಿ ಅಲ್ಲದು’ ಎಂದು ಅವರು ಕೂಗುವುದು, ನಾನು ಇನ್ನೂ ಜೋರಾಗಿ ಕಲಸುವುದು, ತೆಪ್ಪ ಇನ್ನೂ ಜೋರಾಗಿ ತಿರುಗುವುದು. ಹಗ್ಗ ತೆಪ್ಪಕ್ಕೇ ಸುತ್ತಿಕೊಂಡಿತು. ದಂಡೆಯಲ್ಲಿದ್ದ ಪ್ರವಾಸಿಗಳು ಇದೂ ಒಂದು ಆಟವೇ ಎಂದುಕೊಂಡು ಚಪ್ಪಾಳೆ ಹೊಡೆದರು. ಒಬ್ಬ ನೀರಿಗೇ ಇಳಿದು ಬಂದು ‘ಎಂತ ಆಂಟೀ, ಎಂತ?’ ಎಂದು ತೆಲುಗಿನಲ್ಲಿ ಸವಾರಿಯ ರೇಟು ಕೇಳಿದ. ತಲೆ ಸುತ್ತಿ ವಾಂತಿ ಬರುವ ಹಾಗಾಗಿದ್ದ ನಾನು ಏನು ಹೇಳಿದೆ ಎಂಬುದು ಕನ್ನಡ ಬಾರದ ಅವನಿಗೆ ತಿಳಿಯದೇ ಉಳಿಯಿತು. ನಿಮ್ಮ ಮಗ ಕೈ ಮುರಿದ ಮೇಲೆ ನಕ್ಕಿದ್ದು ಅವತ್ತೇ.

ಹುಟ್ಟನ್ನು ಪಕ್ಕದಲ್ಲಿ ಹಾಕಬಾರದು, ಮುಂದೆ ಚಾಚಿ ನೀರನ್ನು ನಮ್ಮ ಕಡೆಗೆ ಎಳೆದುಕೊಳ್ಳಬೇಕು ಎನ್ನುವುದು ತಲೆಗೆ ಬಂದರೂ ಕೈಗೆ ಬರಲು ಹೊತ್ತು ಹಿಡಿಯಿತು. ಅಂಗೈಗಳು ಬೊಬ್ಬೆಯೆದ್ದು ಒಡೆದವು, ರೊಟ್ಟಿ ಬಡಿಯುವಾಗ ಕಣ್ಣಲ್ಲಿ ನೀರು. ಆದರೂ ವಾರ ಕಳೆಯುವ ಮುಂಚೆಯೇ ಕೋಣನಬಂಡೆಯ ಕೆಳಗೆ ನಮ್ಮ ಬಲೆ ಬಿದ್ದಿತು. ಸಂಜೆ ಕಾರುಗಳೆಲ್ಲಾ ತಿರುಗಿ ಹೋಗಿ ನೀರು ಸುಮ್ಮನಾದ ಮೇಲೆ ಬಲೆ ಬಿಡುತ್ತೇನೆ, ಹೊತ್ತು ಮೂಡುವಾಗ ಎತ್ತುತ್ತೇನೆ. ಬಲೆಗೆ ತೇಲುಬುಂಡೆ ಕೊಳ್ಳುವುದೇ ಬೇಕಾಗಿಲ್ಲ, ಪ್ರವಾಸಿಗಳು ಎಸೆದ ನೀರಿನ ಬಾಟಲಿಗಳೇ ದಂಡೆ ತುಂಬಾ ಇವೆ. ಮೊದಲ ದಿನ ಬಂದದ್ದು ನಾಲ್ಕು ಜಿಲೇಬಿ ಮೀನು ಮತ್ತು ಯಾರದೋ ಬಣ್ಣದ ಟೋಪಿ. ಈಗ ಬುಟ್ಟಿ ತುಂಬುತ್ತಿದೆ. ಕಾಟ್ಲಾ ಬಲೆಯಲ್ಲಿ ಸಿಕ್ಕು ಎಳೆದಾಗ ತೆಪ್ಪವೇ ಒಂದು ಕಡೆ ವಾಲುತ್ತದಲ್ಲ, ಆ ಖುಷಿಯನ್ನು ಗಂಡಸರು ಇಷ್ಟು ಕಾಲ ತಾವೇ ಇಟ್ಟುಕೊಂಡಿದ್ದರು ನೋಡಿ! ನಾನು ಸುಖವಾಗಿದ್ದೇನೆ ಅತ್ತೆಮ್ಮಾ. ಹೇಳಿದರೆ ದೃಷ್ಟಿಯಾದೀತು ಎಂದು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ. ಹಗ್ಗವನ್ನು ಬಿಚ್ಚಿದ್ದೇವೆ. ನಿಮ್ಮ ಮಗ ಈಗಲೂ ಕಲ್ಲಿನ ಮೇಲೆ ಬಂದು ಕೂರುತ್ತಾರೆ, ಕೇಳಿದರೆ ಗಾಳಿಗೆ ಬಂದೆ ಎನ್ನುತ್ತಾರೆ.

ವೆಂಕಟೇಶ ಸುಮ್ಮನಿದ್ದಾನೆಯೇ? ಹಿರಿಯರ ಬಳಿ ದೂರು ಒಯ್ದ. ನಿನ್ನೆ ಗಂಗಮ್ಮನ ಕಟ್ಟೆಯಲ್ಲಿ ಎಲ್ಲರೂ ಕೂಡಿದ್ದರು, ಹಿರಿತನಕ್ಕೆ ವಿರುಪಣ್ಣ ಮಾವ. ಹೆಂಗಸು ಹಾಕಿದ ಬಲೆ ಬಲೆಯಲ್ಲ, ನಮ್ಮ ಮನೆಯ ಬಲೆ ವಾರದಿಂದ ಒಣಗಿದ ಲೆಕ್ಕವೇ, ಮಡು ತನಗೆ ಬರಬೇಕು ಎಂದು ವೆಂಕಟೇಶ ವಾದ ಮಾಡಿದ. ಕಟ್ಟಳೆಯಲ್ಲಿ ಮನೆ ಎಂದಿದೆಯೇ ಹೊರತು ಗಂಡಸು ಎಂದಿಲ್ಲವಲ್ಲ ಎಂದು ನಾನು ಕೇಳಿದೆ. ಒಂದಿಬ್ಬರು ಹೌದೆಂದರು, ಕೆಲವರು ಕೆಮ್ಮಿದರು. ಕೊನೆಗೆ ವಿರುಪಣ್ಣ ಮಾವ ತಂಬಾಕು ಉಗುಳಿ ಬಂದು ‘ಮನಿಗೆ ಹಿರಿಯಾಕಿ ಹೊಳಿಯಮ್ಮ ಅದಾಳ. ಆಕಿ ಏನಂತಾಳ? ಆಕಿ ಹೂಂ ಅಂದ್ರ ನಂದೇನೂ ತಕರಾರಿಲ್ಲ’ ಎಂದು ನಿಮ್ಮ ಹೆಸರೆತ್ತಿ ನನ್ನನ್ನು ಕೇಳಿದರು. ನಾನೂ ಏನೋ ಒಂದು ಉತ್ತರ ಕೊಟ್ಟು ಬಂದೆ. ಬರುವ ಹುಣ್ಣಿಮೆಗೆ ತೀರ್ಮಾನ ಹೇಳುತ್ತಾರಂತೆ. ಅಲ್ಲಿಯವರೆಗೆ ಬಲೆ ಬಿಡಲು ಅಡ್ಡಿಯಿಲ್ಲ.

ನಿಮಗೆ ಸಿಟ್ಟು ಬಂದಿರುತ್ತದೆ, ಗೊತ್ತು. ಬಂದರೆ ಬೈಯಿರಿ, ಬೈಸಿಕೊಳ್ಳುತ್ತೇನೆ. ಆದರೆ ಹೋದ ಬೇಸಿಗೆಯಲ್ಲಿ ಅಂಗಳದಲ್ಲಿ ಕೂತು ಬಲೆ ಹೊಲಿಯುವಾಗ ನೀವು ನನಗೆ ಹೇಳಿದ್ದನ್ನು ನೆನಪು ಮಾಡಿಕೊಳ್ಳಿ. ಮಾವ ಜ್ವರದಲ್ಲಿ ತೀರಿಹೋದಾಗ ನಿಮ್ಮ ಮಗ ಇನ್ನೂ ಸಾಲಿಗೆ ಹೋಗುತ್ತಿದ್ದರು. ನೀವು ಮನೆಮನೆಗೆ ಹೋಗಿ, ಮಗ ದೊಡ್ಡವನಾಗುವ ತನಕ ನಮ್ಮ ಬಲೆಯನ್ನು ಯಾರಾದರೂ ನೀರಿಗೆ ಬಿಟ್ಟು ಕೊಡಿರಿ ಎಂದು ಸೆರಗೊಡ್ಡಿ ಬೇಡಿದಿರಂತೆ. ಸಿಕ್ಕ ಮೀನಿನಲ್ಲಿ ಅವರು ಕೊಟ್ಟಷ್ಟು ತೆಗೆದುಕೊಂಡು ಬಂದಿರಂತೆ. ‘ತೆಪ್ಪ ನಂದು, ಬಲಿ ನಂದು, ನಾ ದಂಡಿ ಮ್ಯಾಲ ನಿಂತು ಮಂದಿ ಕೈ ನೋಡಿದ್ನೆವ್ವ. ಅವತ್ತ ನನಗ ಹುಟ್ಟು ಹಿಡಿಯಾಕ ಬಂದಿದ್ರ...’ ಎಂದು ಅರ್ಧಕ್ಕೇ ನಿಲ್ಲಿಸಿ, ಸೂಜಿಗೆ ದಾರ ಪೋಣಿಸಿಕೊಡು ಎಂದಿರಿ. ನಾನು ಪೋಣಿಸಿಕೊಟ್ಟೆ, ನೀವು ಮಾತು ಮುಗಿಸಲಿಲ್ಲ. ಮೊದಲ ದಿನ ತೆಪ್ಪ ನೂಕುವಾಗ ನನಗೆ ವೆಂಕಟೇಶನ ಮಾತಿಗಿಂತ ನಿಮ್ಮ ಆ ಮಾತೇ ಕಿವಿಯಲ್ಲಿತ್ತು.

ಅಮೃತಾಗೂ ಅವಳ ಯಜಮಾನರಿಗೂ ನನ್ನ ನಮಸ್ಕಾರ ತಿಳಿಸಿ. ಕೂಸಿನ ಕೆನ್ನೆಗೆ ಈ ಅತ್ತೆಯದೊಂದು ಮುತ್ತು ಕೊಡಿ, ದೃಷ್ಟಿ ತೆಗೆಯುವುದನ್ನು ಮರೆಯಬೇಡಿ. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡಿ. ನೀವಿಲ್ಲದ ಮನೆಯಲ್ಲಿ ನನಗೆ ಜಗಳವಾಡಲೂ ಜನವಿಲ್ಲ, ನಾಮಕರಣ ಮುಗಿಸಿ ಬೇಗ ಬನ್ನಿ. ಗಂಗಮ್ಮ ನಿಮ್ಮನ್ನು ಗಟ್ಟಿಯಾಗಿ ಇಟ್ಟಿರಲಿ.

ನಿಮ್ಮ ಮಾತು ಮೀರಿದರೂ ನಿಮ್ಮವಳೇ ಆದ ಸೊಸೆ,
ಹುಲಗೆಮ್ಮ

ತಾ.ಕ.: ಫಕ್ರುದ್ದೀನ ಹಾರ್ನ್ ಹೊಡೆಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಕಟ್ಟೆಯಲ್ಲಿ ವಿರುಪಣ್ಣ ಮಾವನಿಗೆ ನಾನು ಕೊಟ್ಟ ಉತ್ತರ ಇದು: ‘ಅತ್ತೀನ ಹೇಳ್ಯಾರ್ರಿ, ಹೋಗು, ಬಲಿ ಬಿಡು ಅಂತ.’ ಎಲ್ಲರ ಮುಂದೆ ಹೇಳಿಬಿಟ್ಟೆ. ಅವರು ಹುಣ್ಣಿಮೆಯ ದಿನ ಬೆಳಿಗ್ಗೆ ಅಮೃತಾಳ ಫೋನಿಗೆ ಮಾಡಿ ನಿಮ್ಮನ್ನೇ ಕೇಳುತ್ತಾರೆ. ಯೋಚನೆ ಮಾಡಿ ಹೇಳಿ ಅತ್ತೆಮ್ಮಾ. ಹೂಂ ಎಂದರೆ ನಾನು ನಿಮ್ಮ ಸೊಸೆ. ಊಹೂಂ ಎಂದರೂ ನಿಮ್ಮ ಸೊಸೆಯೇ, ಮಡು ಮಾತ್ರ ವೆಂಕಟೇಶನದು.